ಈ ಎಡೆಯೊಂದು ತುಂಬದಿರಲಿ

ತಾಯೀ, ನಿನ್ನ ಮುಂದೆ ನಿಂತವರೆಲ್ಲ ತುಂಬಿಸು ಎಂದೇ ಕೇಳುತ್ತಾರೆ. ಕೆರೆ ತುಂಬಲಿ, ಕಣಜ ತುಂಬಲಿ, ಮಡಿಲು ತುಂಬಲಿ. ನಾನೂ ಹಾಗೇ ಕೇಳಿಕೊಂಡು ಬಂದವಳು, ಮುಂದೆಯೂ ಕೇಳುವವಳು. ಇವತ್ತಿನ ಬೇಡಿಕೆ ಮಾತ್ರ ಬೇರೆ. ನಮ್ಮ ಎದೆಗೂಡಿನೊಳಗೆ ನೀನೇ ಬಿಟ್ಟುಕೊಟ್ಟ ಎಡೆಯೊಂದಿದೆ. ಪಕ್ಕೆಲುಬಿಗೂ ಶ್ವಾಸಕೋಶಕ್ಕೂ ನಡುವೆ, ಕೂದಲೆಳೆಯ ದಪ್ಪಕ್ಕಿಂತಲೂ ಕಿರಿದಾದ ಎಡೆ. ಅದೊಂದು ತುಂಬದಿರಲಿ. ನೀರು ತುಂಬದಿರಲಿ, ಗಾಳಿ ತುಂಬದಿರಲಿ, ಕೀವು ತುಂಬದಿರಲಿ, ನೆತ್ತರು ತುಂಬದಿರಲಿ. ನನಗೂ, ನನ್ನವರಿಗೂ, ಈಗ ಯಾವುದೋ ವಾರ್ಡಿನಲ್ಲಿ ದಿಂಬು ತಬ್ಬಿಕೊಂಡು ಮುಂದಕ್ಕೆ ಬಾಗಿ ಕೂತಿರುವವರಿಗೂ.

ಬೇಡುವ ಮೊದಲು ನೀನು ಕೊಟ್ಟದ್ದನ್ನು ಒಮ್ಮೆ ಎಣಿಸಿ ಹೇಳಬೇಕು. ಆ ಎಡೆಯ ಎರಡೂ ಮಗ್ಗುಲಿಗೆ ನೀನು ಹಾಸಿರುವ ಪೊರೆಯನ್ನು ವೈದ್ಯರು ಪ್ಲೂರಾ ಎನ್ನುತ್ತಾರೆ. ಎರಡು ಪದರ ಎಂದು ಹೇಳುವುದು ರೂಢಿ. ನೋಡಿದರೆ ಅದು ಒಂದೇ ಹಾಳೆ. ಶ್ವಾಸಕೋಶದ ಮೈಯನ್ನೆಲ್ಲ ಹೊದ್ದು, ಅದರ ಸೀಳುಗಳೊಳಕ್ಕೂ ಇಳಿದು, ಉಸಿರ್ನಾಳವೂ ರಕ್ತನಾಳಗಳೂ ಒಳಹೊಗುವ ಬುಡದಲ್ಲಿ ಹೊರಳಿಕೊಂಡು, ಅಲ್ಲಿಂದ ಪಕ್ಕೆಲುಬುಗಳ ಒಳಮೈಗೆ, ವಪೆಯ ಬೆನ್ನಿಗೆ, ಹೃದಯದ ಪಕ್ಕಕ್ಕೆ ಹಬ್ಬುತ್ತದೆ. ಎಡಕ್ಕೊಂದು, ಬಲಕ್ಕೊಂದು. ಇದರ ಸಂಕಟ ಅದಕ್ಕೆ ಹರಿಯದ ಹಾಗೆ ನಡುವೆ ತಡೆಯಿಟ್ಟಿದ್ದೀಯೆ. ಎಡದ ಶ್ವಾಸಕೋಶ ಕುಸಿದವನು ಬಲದ್ದರಲ್ಲಿ ಉಸಿರಾಡಿಕೊಂಡು ಆಸ್ಪತ್ರೆ ಮುಟ್ಟುತ್ತಾನಲ್ಲ, ಆ ತಡೆಗೆ ಶರಣು.

ಆ ಪೊರೆಯ ಮೈಮೇಲೆ ಒಂದೇ ಒಂದು ಸಾಲು ಜೀವಕೋಶ. ನಡುವಿನ ಎಡೆಯಲ್ಲಿ ಚೂರು ತೇವ. ಎರಡೂ ಕಡೆಯದನ್ನು ಸೇರಿಸಿದರೂ 15–20 ಮಿಲಿಲೀಟರ್, ಔಷಧಿಯ ಚಮಚದಲ್ಲಿ ಮೂರೋ ನಾಲ್ಕೋ. ಅದೂ ನಿಂತ ನೀರಲ್ಲ. ಎದೆಗೋಡೆಯ ಕಡೆಯ ನವಿರು ರಕ್ತನಾಳಗಳಿಂದ ಸದಾ ಜಿನುಗುತ್ತದೆ. ಹೊರಪದರದಲ್ಲಿ ನೀನು ಬಿಟ್ಟಿರುವ ಸೂಕ್ಷ್ಮ ಕಂಡಿಗಳ ಮೂಲಕ ದುಗ್ಧರಸದ ನಾಳಗಳಿಗೆ ಸದಾ ಇಳಿದುಹೋಗುತ್ತದೆ. ಹೆಚ್ಚು ಜಿನುಗಿದ ದಿನ ಹೆಚ್ಚು ಹೀರುವ ತಾಳ್ಮೆಯನ್ನೂ ಅದಕ್ಕೆ ಕೊಟ್ಟಿದ್ದೀಯೆ. ಹೃದಯ ಸೋತಾಗ, ಮೂತ್ರಪಿಂಡ ಸೋತಾಗ, ಪಿತ್ತಜನಕಾಂಗ ಸೋತಾಗ ಆ ತಾಳ್ಮೆಯೂ ಮೀರಿ ನೀರು ನಿಲ್ಲುತ್ತದೆ. ಅಷ್ಟರವರೆಗೆ ಅದು ಎಷ್ಟು ತಡೆದುಕೊಂಡಿತ್ತೆಂದು ನಾವು ಯಾರೂ ವಿಚಾರಿಸಿದ್ದಿಲ್ಲ.

ಎರಡು ಗಾಜಿನ ತುಂಡುಗಳ ನಡುವೆ ಒಂದು ತೊಟ್ಟು ನೀರು ಬಿಟ್ಟು ಒತ್ತಿದರೆ ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆ, ಎಳೆದು ಬಿಡಿಸಲು ಹೋದರೆ ಬರುವುದಿಲ್ಲ. ನಮ್ಮೊಳಗಿನ ತೇವವೂ ಅದೇ ಕೆಲಸ ಮಾಡುತ್ತದೆ. ಶ್ವಾಸಕೋಶದ ಸ್ವಭಾವವೇ ಒಳಕ್ಕೆ ಕುಗ್ಗುವುದು, ಬಿಟ್ಟರೆ ಮುಷ್ಟಿಯಷ್ಟಾಗುತ್ತದೆ. ಎದೆಗೂಡಿನ ಸ್ವಭಾವ ಹೊರಕ್ಕೆ ಚಿಮ್ಮುವುದು. ಬಿಟ್ಟರೆ ಇನ್ನಷ್ಟು ಅಗಲವಾಗುತ್ತದೆ. ಒಂದನ್ನೊಂದು ಬಿಟ್ಟು ಓಡಲು ನೋಡುವ ಇವೆರಡನ್ನೂ ನೀನು ಆ ನಾಲ್ಕು ಚಮಚ ತೇವದಿಂದ ಕೂಡಿಸಿಟ್ಟಿದ್ದೀಯೆ. ಈ ಜಗ್ಗಾಟದಿಂದಲೇ ಆ ಎಡೆಯ ಒತ್ತಡ ಹೊರಗಿನ ಗಾಳಿಗಿಂತ ಸುಮಾರು 5 ಸೆಂಟಿಮೀಟರ್ ನೀರಿನಷ್ಟು ಕಡಿಮೆ. ವಪೆ ಕೆಳಗಿಳಿದು ಪಕ್ಕೆಲುಬು ಮೇಲೆದ್ದಾಗ ಇನ್ನೆರಡು ಮೂರು ಸೆಂಟಿಮೀಟರ್ ಇಳಿಯುತ್ತದೆ. ಶ್ವಾಸಕೋಶ ಹಿಂದೆಯೇ ಹಿಗ್ಗುತ್ತದೆ. ಗಾಳಿ ತಾನಾಗಿ ಒಳಬರುತ್ತದೆ. ಶ್ವಾಸಕೋಶಕ್ಕೆ ತನ್ನನ್ನು ಹಿಗ್ಗಿಸಿಕೊಳ್ಳುವ ಸ್ನಾಯುವನ್ನು ನೀನು ಕೊಡಲಿಲ್ಲ. ದಿನಕ್ಕೆ 20,000ದಷ್ಟು ಸಲ ಅದು ಈ ಎಡೆಯನ್ನು ನಂಬಿ ಹಿಂಬಾಲಿಸುತ್ತದೆ. ಈ ಜಗ್ಗಾಟ ಯಾವ ಕಡೆಗೂ ಗೆಲ್ಲದೆ ಹೀಗೇ ನಡೆಯಲಿ, ತಾಯೀ.

ಒಂದು ಪ್ರಶ್ನೆಯನ್ನೂ ನಿನ್ನ ಪಾದದ ಹತ್ತಿರ ಇಡುತ್ತೇನೆ. ಆನೆಗೆ ಯಾಕೆ ಈ ಎಡೆಯನ್ನು ಕೊಡಲಿಲ್ಲ? 1681ರಲ್ಲಿ ಡಬ್ಲಿನ್ ನಗರದಲ್ಲಿ ಬೆಂಕಿಗೆ ಸಿಕ್ಕಿ ಸತ್ತ ಆನೆಯೊಂದನ್ನು ಅಲನ್ ಮುಲೆನ್ ಎಂಬ ವೈದ್ಯ ಕೊಯ್ದು ನೋಡಿದ. ಅದರ ಶ್ವಾಸಕೋಶ ಎದೆಗೋಡೆಗೆ ಅಂಟಿಕೊಂಡಿತ್ತು. ರೋಗವಿರಬೇಕು ಎಂದುಕೊಳ್ಳಬಹುದಿತ್ತು. ಆಮೇಲೆ ಕೊಯ್ದು ನೋಡಿದ ಆನೆಗಳಲ್ಲೂ ಹಾಗೇ ಕಂಡಿತು. ಎರಡು ಪದರಗಳ ನಡುವೆ ಸಡಿಲವಾದ ನಾರಿನ ಅಂಗಾಂಶ. ಖಾಲಿ ಜಾಗವೇ ಇಲ್ಲ. ಮೂರು ಶತಮಾನ ದಾಟಿ 2001ರಲ್ಲಿ ಶ್ವಾಸಶಾಸ್ತ್ರಜ್ಞ ಜಾನ್ ವೆಸ್ಟ್ ಅದಕ್ಕೊಂದು ಕಾರಣ ಹೇಳಿದರು. ಆನೆ ಮೈಯನ್ನೆಲ್ಲ ನೀರಿನಲ್ಲಿ ಮುಳುಗಿಸಿ, ಸೊಂಡಿಲಿನ ತುದಿಯೊಂದನ್ನು ಮೇಲಿಟ್ಟು ಈಜುತ್ತದೆ. ಆಗ ಮೈಯ ಸುತ್ತ ಆಳದ ನೀರಿನ ಒತ್ತಡ, ಶ್ವಾಸಕೋಶದೊಳಗೆ ಮೇಲಿನ ಗಾಳಿಯ ಒತ್ತಡ. ಆ ಅಂತರವನ್ನು ನಮ್ಮಂಥ ನವಿರು ಪೊರೆಯ ರಕ್ತನಾಳಗಳು ತಾಳಲಾರವು. ಕಬಿನಿಯ ಹಿನ್ನೀರಿನಲ್ಲಿ ಸೊಂಡಿಲೆತ್ತಿಕೊಂಡು ಆಚೆ ದಡಕ್ಕೆ ಈಜುವ ನಮ್ಮ ಆನೆಗಳ ಎದೆಯೊಳಗೂ ಅದೇ ಕಟ್ಟು. ಅವಕ್ಕೆ ಬೇಕಾದ್ದನ್ನು ಅವಕ್ಕೆ ಕೊಟ್ಟೆ. ನಮಗೆ ಯಾಕೆ ಈ ಎಡೆ? ಮತ್ತೆ ಮತ್ತೆ ನೀರೋ ಗಾಳಿಯೋ ತುಂಬಿ ಸಾಕಾದವರಿಗೆ ವೈದ್ಯರು ಟಾಲ್ಕ್ ಪುಡಿ ಹಾಕಿ ಎರಡು ಪದರಗಳನ್ನು ಬೇಕೆಂದೇ ಅಂಟಿಸುತ್ತಾರೆ. ಅಂಟಿಸಿಕೊಂಡವರೂ ಉಸಿರಾಡುತ್ತಾರೆ, ಮೆಟ್ಟಿಲು ಹತ್ತುತ್ತಾರೆ, ಮನೆಗೆ ಹೋಗುತ್ತಾರೆ. ಹಾಗಿದ್ದ ಮೇಲೆ ಈ ಎಡೆಯನ್ನು ಜೀವಕ್ಕೆ ಬೇಕೇಬೇಕೆಂದು ನೀನು ಇಟ್ಟಿದ್ದಲ್ಲ. ಉಸಿರು ಉಜ್ಜದೆ, ನೋಯದೆ, ಸದ್ದಿಲ್ಲದೆ ನಡೆಯಲಿ ಎಂದು ಇಟ್ಟೆಯೇನೋ. ಹಾಗೆಂದು ನಾನು ನಂಬಿಕೊಂಡಿದ್ದೇನೆ.

ನೋವಿನ ಮಾತಿಗೆ ಬಂದೆ. ಇಲ್ಲಿ ನಿನ್ನ ನ್ಯಾಯ ನನಗೆ ತಡವಾಗಿ ತಿಳಿಯಿತು. ಶ್ವಾಸಕೋಶಕ್ಕೆ ಹೊದಿಸಿದ ಒಳಪದರಕ್ಕೆ ನೋವಿನ ಅರಿವೇ ಇಲ್ಲ. ಎದೆಗೋಡೆಗೆ ಅಂಟಿದ ಹೊರಪದರಕ್ಕೆ ಮಾತ್ರ ಅದನ್ನು ಕೊಟ್ಟಿದ್ದೀಯೆ. ಪೊರೆಗೆ ಉರಿಯೂತ ಬಂದಾಗ ನಯ ಹೋಗುತ್ತದೆ, ಒಂದಕ್ಕೊಂದು ಉಜ್ಜುತ್ತವೆ, ಉಸಿರೆಳೆದ ಕೂಡಲೇ ಚುಚ್ಚುತ್ತದೆ. ಕೆಮ್ಮಿದರೆ, ಆಕಳಿಸಿದರೆ, ಮಗ್ಗುಲು ಬದಲಿಸಿದರೆ ಪ್ರಾಣ ಹೋದಂತಾಗುತ್ತದೆ. ವಪೆಯ ನಡುಭಾಗದ ಪೊರೆ ಕೆರಳಿದರಂತೂ ನೋವು ಭುಜದಲ್ಲಿ ಕಾಣಿಸುತ್ತದೆ. ಎರಡಕ್ಕೂ ನರ ಹೊರಡುವುದು ಕತ್ತಿನ ಅದೇ ಮಟ್ಟದಿಂದ. ಭುಜಕ್ಕೆ ಎಣ್ಣೆ ತಿಕ್ಕಿಸಿಕೊಂಡು ಕೂತವನ ಎದೆಯ ತಳದಲ್ಲಿ ರೋಗವಿರುತ್ತದೆ. ಅಂಥವನ ಎದೆಗೆ ಕಿವಿಯಿಟ್ಟರೆ ಚಕ್ಕಳದ ಪಟ್ಟಿ ಕಿರುಗುಟ್ಟಿದ ಸದ್ದು ಕೇಳುತ್ತದೆಂದು ಹಿಪೊಕ್ರೆಟಿಸ್ ಹೆಸರಿನ ಗ್ರೀಕ್ ಗ್ರಂಥಗಳು ಎರಡು ಸಾವಿರ ವರ್ಷಕ್ಕೂ ಹಿಂದೆ ಬರೆದಿಟ್ಟಿವೆ. ಸ್ಟೆತಾಸ್ಕೋಪು ಬರುವುದಕ್ಕೆ ಎಷ್ಟೋ ಮೊದಲು ಇನ್ನೊಬ್ಬರ ಬೆವರಿದ ಎದೆಗೆ ಕಿವಿಯಾನಿಸಿದ ಆ ಹೆಸರಿಲ್ಲದ ವೈದ್ಯರನ್ನೂ ಈ ನಿವೇದನೆಯಲ್ಲಿ ನೆನೆಯುತ್ತೇನೆ.

ನನ್ನ ಚಿಕ್ಕಪ್ಪ ಮಂಡ್ಯದ ಕಡೆಯವರು, ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಬೆಲ್ಲ ಎತ್ತುತ್ತಿದ್ದವರು. ಸಂಜೆ ಹೊತ್ತಿಗೆ ಸಣ್ಣ ಜ್ವರ, ಬಲಗಡೆ ನೋವು. "ಪಕ್ಕೆ ಹಿಡ್ಕೊಂಡದೆ ಕಣವ್ವ, ಅಷ್ಟೆ" ಎಂದರು. ಚಿಕ್ಕಮ್ಮ ಉಪ್ಪಿನ ಗಂಟಿನ ಶಾಖ ಕೊಟ್ಟರು, ಮೆಣಸಿನ ಕಷಾಯ ಮಾಡಿದರು. ಚಿಕ್ಕಪ್ಪ ನೋವಿರುವ ಮಗ್ಗುಲಿಗೇ ಮಲಗುತ್ತಿದ್ದರು. ಆ ಕಡೆ ಅಲುಗಾಡದಿದ್ದರೆ ಹಾಯೆನಿಸುತ್ತಿತ್ತು. ಕೆಲವು ದಿನ ಕಳೆದ ಮೇಲೆ ನೋವು ತಾನಾಗಿ ಇಳಿಯಿತು. "ನೋವು ಹೋಯ್ತು" ಎಂದು ಅವರೇ ಎದ್ದು ಕೂತರು. ಮನೆಯಲ್ಲಿ ಹಗುರವಾಯಿತು. ಆದರೆ ಹಟ್ಟಿಯಿಂದ ಬಾವಿಗೆ ಹೋಗಿ ಬರುವಷ್ಟರಲ್ಲಿ ಮಾತು ತುಂಡಾಗತೊಡಗಿತು. ಅರ್ಧ ವಾಕ್ಯ, ಒಂದು ಉಸಿರು, ಇನ್ನರ್ಧ ವಾಕ್ಯ.

ಅಲ್ಲಿ ಆದದ್ದು ಇಷ್ಟು. ಉಜ್ಜುತ್ತಿದ್ದ ಎರಡು ಪದರಗಳ ನಡುವೆ ನೀರು ನಿಂತಿತು. ಒಂದಕ್ಕೊಂದು ತಾಗದಂತೆ ಅದು ಅವನ್ನು ದೂರ ಸರಿಸಿತು. ಆದ್ದರಿಂದ ನೋವು ನಿಂತಿತು. ಶ್ವಾಸಕೋಶ ನೀರಿನ ಭಾರಕ್ಕೆ ಮುದುಡತೊಡಗಿತು. ತಾಯೀ, ಈ ರೋಗದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು ಆ ಸಮಾಧಾನದ ದಿನಗಳಿಗೆ. ನೋವು ಹೋಗುವುದನ್ನೇ ಗುಣ ಎಂದು ನಂಬಿ ಬದುಕುವ ಮನೆಗಳು ನಮ್ಮವು. ಅಂಥ ಮನೆಯಲ್ಲಿ ಯಾರಾದರೊಬ್ಬರು ಮಾತು ತುಂಡಾಗುವುದನ್ನು ಕೇಳಿಸಿಕೊಳ್ಳಲಿ. ಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆ ಕೇಳಿಸಿಕೊಳ್ಳಲಿ, ಪಕ್ಕದ ಮನೆಯವಳು ಕೇಳಿಸಿಕೊಳ್ಳಲಿ. "ನೋವೆಷ್ಟಿದೆ" ಎಂಬುದರ ಜೊತೆಗೆ "ಎಷ್ಟು ದೂರ ನಡೀತೀರಿ" ಎಂದೂ ಕೇಳುವ ಬುದ್ಧಿಯನ್ನು ನಮಗೆ ಕೊಡು.

ಆಸ್ಪತ್ರೆಯಲ್ಲಿ ವೈದ್ಯೆ ಅವರ ಬೆನ್ನಿನ ಮೇಲೆ ಎಡಗೈಯ ಬೆರಳನ್ನು ಚಪ್ಪಟೆ ಇಟ್ಟು ಬಲಗೈಯ ಬೆರಳಿನಿಂದ ತಟ್ಟುತ್ತ ಕೆಳಗಿಳಿದರು. ಮೇಲೆ ಟೊಳ್ಳು ದನಿ. ಒಂದು ಗೆರೆ ದಾಟಿದ ಕೂಡಲೇ ಕಲ್ಲಿಗೆ ತಟ್ಟಿದ ಹಾಗೆ ಮೊದ್ದು. "ಒಂದು, ಒಂದು, ಒಂದು ಅನ್ನಿ" ಎಂದರು. ಚಿಕ್ಕಪ್ಪ ಅನ್ನುತ್ತಿದ್ದರೂ ಆ ಗೆರೆಯ ಕೆಳಗೆ ಅವರ ದನಿ ವೈದ್ಯೆಯ ಕಿವಿಗೆ ಬರಲಿಲ್ಲ. ಎದೆ ತಟ್ಟಿ ನೋಡುವ ವಿದ್ಯೆಯನ್ನು ನೀನು ಲಿಯೊಪೋಲ್ಡ್ ಔಯೆನ್‌ಬ್ರುಗರ್ ಎಂಬವನ ಕೈಗೆ ಕೊಟ್ಟೆ. ಆಸ್ಟ್ರಿಯಾದ ಗ್ರಾಜ್ ಊರಿನ ಛತ್ರದವನೊಬ್ಬನ ಮಗ. 1761ರಲ್ಲಿ ಅವನು ಬರೆದ ಸಣ್ಣ ಪುಸ್ತಕವನ್ನು ಅವನ ಕಾಲದವರು ಹೆಚ್ಚಾಗಿ ಅಲಕ್ಷಿಸಿದರು. ಆ ಬೆರಳುಗಳ ಪುಣ್ಯ ಎರಡೂವರೆ ಶತಮಾನ ದಾಟಿ ಚಿಕ್ಕಪ್ಪನ ಬೆನ್ನಿನ ಮೇಲೆ ಬಂದು ನಿಂತಿತು. ಎಕ್ಸ್‌ರೇ ಆಮೇಲೆ ಅದನ್ನೇ ಹೇಳಿತು.

ನೀರು ತೆಗೆಯುವಾಗ ಅವರನ್ನು ಮಂಚದ ಅಂಚಿಗೆ ಕೂರಿಸಿ, ಮುಂದೆ ಮೇಜು, ಮೇಜಿನ ಮೇಲೆ ದಿಂಬು, ದಿಂಬಿನ ಮೇಲೆ ಕೈ. ಸೂಜಿ ಹೋಗುವುದು ಪಕ್ಕೆಲುಬಿನ ಮೇಲಂಚಿಗೆ ತಾಗಿಕೊಂಡು. ಕೆಳಂಚಿನ ತೋಡಿನಲ್ಲಿ ನೀನು ರಕ್ತನಾಳವನ್ನೂ ನರವನ್ನೂ ಬಚ್ಚಿಟ್ಟಿದ್ದೀಯೆ, ಅದಕ್ಕೆ. ಬಂದದ್ದು ಒಣಹುಲ್ಲಿನ ಬಣ್ಣದ ತಿಳಿನೀರು. ಒಂದೂವರೆ ಲೀಟರ್ ಹೊತ್ತಿಗೆ ನಿಲ್ಲಿಸಿದರು. ಮುದುಡಿದ ಶ್ವಾಸಕೋಶ ಒಮ್ಮೆಗೇ ಅರಳಿದರೆ ಅದರೊಳಗೇ ನೀರು ಒಸರುವ ಅಪಾಯವಿದೆ. ಅರಳುತ್ತ ಅವರಿಗೆ ಕೆಮ್ಮು ಬಂತು. ಆ ಕೆಮ್ಮು ಒಳ್ಳೆಯದು ಎಂದರು ಸಿಸ್ಟರ್.

ಕ್ಷಯ. ನೀರಿನಲ್ಲಿ ಲಿಂಫೊಸೈಟ್ ಕಣಗಳು ತುಂಬಿದ್ದವು, ಎಡಿಎ ಎಂಬ ಕಿಣ್ವದ ಪ್ರಮಾಣ ಏರಿತ್ತು. ಈ ಬಗೆಯ ಕ್ಷಯದಲ್ಲಿ ನೀರಿನೊಳಗೆ ರೋಗಾಣು ಹುಡುಕಿದರೆ ಸಿಗುವುದು ಅಪರೂಪ. ಪೊರೆಯ ಕೆಳಗಿನ ಸಣ್ಣ ಗಂಟೊಂದು ಒಡೆದು ನಾಲ್ಕು ಕಣ ಈ ಎಡೆಗೆ ಬಿದ್ದರೆ ಸಾಕು, ಮೈ ತಾನೇ ಕೆರಳಿ ಲೀಟರುಗಟ್ಟಲೆ ಸುರಿಯುತ್ತದೆ. ಕಾಪಾಡಲೆಂದು ಬಂದದ್ದೇ ಮುಳುಗಿಸುತ್ತದೆ. ಕಫದಲ್ಲಿ ಏನೂ ಸಿಗಲಿಲ್ಲವೆಂದು ಎಷ್ಟೋ ಜನ ಅರ್ಧಕ್ಕೇ ಮನೆಗೆ ಮರಳುತ್ತಾರೆ. ಅವರನ್ನು ಮತ್ತೆ ಕರೆತಾ, ತಾಯೀ. ಆರು ತಿಂಗಳ ಮಾತ್ರೆ ತಪ್ಪದೆ ನುಂಗುವ ಛಲ ಕೊಡು. ಮೊದಲೆರಡು ತಿಂಗಳಲ್ಲಿ ಮೈ ಚೇತರಿಸಿದ ಮೇಲೆ ಉಳಿದ ನಾಲ್ಕು ತಿಂಗಳು ಉದ್ದವಾಗಿ ಕಾಣುತ್ತವೆ. ಆಗ ಅವರ ಕೈ ಬಿಡಬೇಡ. ಪೌಷ್ಟಿಕ ಆಹಾರಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ 1,000 ಮಾಡಿದೆ. ಆ ಹಣ ತಡವಾಗದೆ ಖಾತೆಗೆ ಬೀಳಲಿ, ಬಿದ್ದದ್ದು ಮೊಟ್ಟೆಯಾಗಲಿ, ಬೇಳೆಯಾಗಲಿ, ಸಾಲದ ಬಡ್ಡಿಯಾಗದಿರಲಿ.

ಒಂದು ಕಾಲದಲ್ಲಿ ಈ ಎಡೆಯನ್ನು ಮನುಷ್ಯರೇ ಬೇಕೆಂದು ತುಂಬಿಸಿದರು. ಅದನ್ನೂ ನಿನ್ನ ಮುಂದೆ ಹೇಳಿಬಿಡಬೇಕು. ಕ್ಷಯಕ್ಕೆ ಮದ್ದೇ ಇಲ್ಲದ ದಿನಗಳವು. 1882ರಲ್ಲಿ ಇಟಲಿಯ ಕಾರ್ಲೊ ಫೋರ್ಲಾನಿನಿ ಒಂದು ದಾರಿ ಸೂಚಿಸಿದ. ಪೊರೆಗಳ ನಡುವೆ ಗಾಳಿ ತುಂಬಿ ಶ್ವಾಸಕೋಶವನ್ನು ಕುಗ್ಗಿಸಿದರೆ ಅದಕ್ಕೆ ವಿಶ್ರಾಂತಿ ಸಿಗುತ್ತದೆ, ಒಳಗಿನ ಹುಣ್ಣಿನ ಕುಳಿ ಮುಚ್ಚುತ್ತದೆ ಎಂದು. ಗಾಳಿ ಹೀರಿಹೋದ ಹಾಗೆ ಮತ್ತೆ ತುಂಬಿಸಬೇಕು; ವರ್ಷಗಟ್ಟಲೆ ಸೂಜಿ. ನಮ್ಮ ದೇಶದ ಸ್ಯಾನಿಟೋರಿಯಂಗಳಲ್ಲೂ ಜನ ಅದಕ್ಕಾಗಿ ಅಂಗಿ ಕಳಚಿ ಸಾಲಾಗಿ ಕೂತಿದ್ದರು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ತಮ್ಮ ಸೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಕ್ಷಯದ ಆಸ್ಪತ್ರೆ ಕಟ್ಟಿಸಿದರು. ಅರಮನೆಗೂ ಈ ರೋಗದ ಮುಂದೆ ಬೇರೆ ಬಾಗಿಲಿರಲಿಲ್ಲ. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು, ಹಿಂದೆಯೇ ಬೇರೆ ಮದ್ದುಗಳು ಬಂದವು. ಮನೆಯಲ್ಲೇ ಇದ್ದು ಮಾತ್ರೆ ತಿಂದರೂ ಸ್ಯಾನಿಟೋರಿಯಂನಷ್ಟೇ ಗುಣವಾಗುತ್ತದೆಂದು 1959ರಲ್ಲಿ ಮದರಾಸಿನ ಅಧ್ಯಯನ ತೋರಿಸಿಕೊಟ್ಟಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಚಿಕ್ಕಪ್ಪ ತಮ್ಮ ಜಗಲಿಯ ಮೇಲೆ ಕೂತು ಗುಣವಾದದ್ದರ ಹಿಂದೆ ಗಾಳಿ ತುಂಬಿಸಿಕೊಂಡು ಬದುಕಿದವರೂ, ತುಂಬಿಸಿಕೊಂಡೂ ಬದುಕದವರೂ ಇದ್ದಾರೆ. ಅವರೆಲ್ಲರಿಗೂ ಶಾಂತಿ ಕೊಡು.

ಇನ್ನು, ತಾನಾಗಿ ಗಾಳಿ ತುಂಬಿದವರು. ಹೆಚ್ಚಾಗಿ ಎಳೆಯ ಪ್ರಾಯದ, ಉದ್ದನೆಯ, ತೆಳ್ಳಗಿನ ಹುಡುಗರು. ಶ್ವಾಸಕೋಶದ ನೆತ್ತಿಯ ಮೇಲಿನ ಗುಳ್ಳೆಯೊಂದು ಒಡೆದು ನಿಂತಲ್ಲೇ ಎದೆ ಹಿಡಿದುಕೊಳ್ಳುವವರು. ಅಪಘಾತದಲ್ಲಿ ಪಕ್ಕೆಲುಬು ಮುರಿದು ಚುಚ್ಚಿಸಿಕೊಂಡವರು. ಅವರಿಗೆ ಎದೆಯಿಂದ ಟ್ಯೂಬು, ಟ್ಯೂಬಿನ ತುದಿ ನೆಲದ ಮೇಲಿನ ಬಾಟಲಿಯ ನೀರಿನೊಳಗೆ. ಗಾಳಿ ಹೊರಗೆ ಬರಬಹುದು, ಒಳಗೆ ಹೋಗಲಾರದು. ಹ್ಯಾಂಬರ್ಗಿನ ಗಾಟ್‌ಹಾರ್ಡ್ ಬ್ಯೂಲಾವ್ ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ತಂದ ಈ ಉಪಾಯ ಇಂದಿಗೂ ಹೆಚ್ಚು ಬದಲಾಗಿಲ್ಲ. ಬಾಟಲಿಯನ್ನು ಯಾರೂ ಎದೆಯ ಮಟ್ಟಕ್ಕೆ ಎತ್ತದಿರಲಿ, ರಾತ್ರಿ ಪಾಳಿಯವರ ಕಾಲು ಅದನ್ನು ಎಡವದಿರಲಿ. ಬಾಟಲಿಯಲ್ಲಿ ಗುಳ್ಳೆಯೇಳುವುದು ನಿಂತ ದಿನ ಆ ಹುಡುಗರ ಅಮ್ಮಂದಿರು ಹೆದರದಿರಲಿ. ಒಳಗಿನ ತೂತು ಮುಚ್ಚಿದರೂ ಅದು ನಿಲ್ಲುತ್ತದೆ ಎಂದು ಯಾರಾದರೂ ಅವರ ಪಕ್ಕ ಕೂತು ಬಿಡಿಸಿ ಹೇಳಲಿ.

ಕೊನೆಗೆ ಉಳಿಸಿಕೊಂಡದ್ದನ್ನು ಕೇಳುತ್ತೇನೆ. ಇದು ಕಠಿಣವಾದದ್ದು, ಇದರಲ್ಲಿ ನಿನಗಿಂತ ನಮ್ಮ ಪಾಲೇ ಹೆಚ್ಚು. ಕಲ್ನಾರಿನ ಎಳೆ ಉಸಿರಿನ ಜೊತೆ ಒಳಹೋದರೆ ಶ್ವಾಸಕೋಶವನ್ನು ದಾಟಿ ಈ ಪೊರೆಯವರೆಗೂ ಬರುತ್ತದೆ. ತೇವ ಇಳಿದುಹೋಗಲೆಂದು ನೀನು ಬಿಟ್ಟ ಕಂಡಿಗಳ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಅಲ್ಲಿ 20 ವರ್ಷ, 30 ವರ್ಷ, 40 ವರ್ಷ ಸುಮ್ಮನಿರುತ್ತದೆ. ಆಮೇಲೆ ಆ ಒಂದು ಸಾಲು ಜೀವಕೋಶಗಳೇ ಕ್ಯಾನ್ಸರಿಗೆ ತಿರುಗುತ್ತವೆ; ಮೀಸೊಥೀಲಿಯೋಮ. ಪೊರೆ ದಪ್ಪವಾಗಿ, ಬಿಗಿದು, ಶ್ವಾಸಕೋಶವನ್ನು ಸುತ್ತುವರಿಯುತ್ತದೆ. 1960ರಲ್ಲಿ ವ್ಯಾಗ್ನರ್, ಸ್ಲೆಗ್ಸ್, ಮಾರ್ಚಂಡ್ ಎಂಬ ಮೂವರು ದಕ್ಷಿಣ ಆಫ್ರಿಕಾದ ಕಲ್ನಾರು ಗಣಿಗಳ ಸೀಮೆಯಿಂದ ಇಂಥ 33 ಜನರ ಕತೆಯನ್ನು ಲೋಕಕ್ಕೆ ತಿಳಿಸಿದರು. ಅವರಲ್ಲಿ ಹಲವರು ಗಣಿಗೆ ಇಳಿದವರೇ ಅಲ್ಲ. ಆ ಸೀಮೆಯಲ್ಲಿ ಹುಟ್ಟಿ ಬೆಳೆದವರು ಅಷ್ಟೆ. 1965ರಲ್ಲಿ ಲಂಡನ್ನಿನಿಂದ ಬಂದ ವರದಿಯಲ್ಲಿ ಕೆಲಸಗಾರರ ಮನೆಯವರೂ ಇದ್ದರು. ಗಂಡ ಕಾರ್ಖಾನೆಯಿಂದ ಮೈಮೇಲೆ ಹೊತ್ತು ತಂದ ದೂಳನ್ನು ಬಟ್ಟೆ ಒಗೆಯುವಾಗ ಉಸಿರಾಡಿದ ಹೆಂಗಸರು.

ಎಷ್ಟೋ ದೇಶಗಳು ಕಲ್ನಾರನ್ನು ಪೂರ್ತಿ ನಿಷೇಧಿಸಿವೆ. ನಮ್ಮಲ್ಲಿ ಹೊರಗಿನಿಂದ ಬಿಳಿ ಕಲ್ನಾರು ತರಿಸಿ ಸಿಮೆಂಟ್ ಶೀಟು ಮಾಡುವುದು ನಿಂತಿಲ್ಲ. ಬಡವರ ತಲೆ ಮೇಲಿನ ಸೂರು ಅದು. ಸೂರನ್ನು ನಾನು ಶಪಿಸಲಾರೆ. ಸುಮ್ಮನೆ ಮಲಗಿರುವ ಶೀಟಿಗಿಂತ ಗರಗಸದಿಂದ ಕೊಯ್ಯುವಾಗ, ಡ್ರಿಲ್ ಹಾಕುವಾಗ, ಹಳೆಯದನ್ನು ಒಡೆದು ಕೆಡವುವಾಗ ಏಳುವ ದೂಳು ಭಯಂಕರ. ಆ ಕೆಲಸ ಮಾಡುವವನ ಮೂಗಿಗೆ ಸಾಮಾನ್ಯವಾಗಿ ಒಂದು ಟವೆಲ್ಲು. ಅವನಿಗೆ ತಕ್ಕ ಮುಖಗವಸು ಸಿಗಲಿ, ಒಡೆಯುವ ಮೊದಲು ಶೀಟನ್ನು ನೆನೆಸುವ ವ್ಯವಧಾನ ಸಿಗಲಿ, ಅದಕ್ಕಿಂತ ಮೊದಲು ಬೇರೆ ಸೂರು ಅಗ್ಗಕ್ಕೆ ಸಿಗಲಿ. ಆಳುವವರಿಗೆ ಅದನ್ನು ಮಾಡುವ ಮನಸ್ಸು ಬರಲಿ.

1995ರಲ್ಲಿ ನಮ್ಮ ಸುಪ್ರೀಂ ಕೋರ್ಟು ಒಂದು ಆಜ್ಞೆ ಕೊಟ್ಟಿತು. ಕಲ್ನಾರಿನಲ್ಲಿ ದುಡಿಯುವ ಪ್ರತಿಯೊಬ್ಬನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಇಲ್ಲವೆ ನಿವೃತ್ತಿಯಾದ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಇಟ್ಟಿರಬೇಕೆಂದು. ಆ ಕಡತಗಳು ಗೆದ್ದಲಿಗೆ ಹೋಗದಿರಲಿ, ತಾಯೀ. ಕಂಪನಿ ಕೈ ಬದಲಿಸಿದರೂ, ಹೆಸರು ಬದಲಿಸಿದರೂ, ಬಾಗಿಲು ಮುಚ್ಚಿದರೂ ಅವು ಉಳಿಯಲಿ. ಗುತ್ತಿಗೆಯವನ ಹೆಸರೂ ಅದರಲ್ಲಿರಲಿ, ದಿನಗೂಲಿಯವನದೂ ಇರಲಿ. ಅವನ ಬಟ್ಟೆ ಒಗೆದ ಹೆಂಡತಿಯ ಹೆಸರನ್ನೂ ಅದೇ ಪುಟದಲ್ಲಿ ಬರೆಸು. ಅವಳ ಎದೆಯ ಎಕ್ಸ್‌ರೇಯನ್ನೂ ವರ್ಷವರ್ಷ ತೆಗೆಸಲಿ, ಖರ್ಚು ಕಾರ್ಖಾನೆಯದೇ ಇರಲಿ.